ಬದುವಿನ ಮೇಲೆ ನಿಂತು ಎಣಿಸಿದ ಹುಳು

ಹುಳುವಿನ ಉದ್ದ ಮೂರು ಮಿಲಿಮೀಟರ್. ಮೀಸೆಯ ಉದ್ದ ಎರಡಕ್ಕೆ ತುಸು ಕಡಿಮೆ. ಸ್ಪಿರಿಟ್ಟಿನ ಸೀಸೆಯಲ್ಲಿ ಎರಡು ದಿನ ಇಟ್ಟರೆ ಮೈಯ ಹಸಿರು ಕರಗಿ ಒಣಹುಲ್ಲಿನ ಬಣ್ಣವಾಗುತ್ತದೆ. ಅದೇ ಸೀಸೆಯನ್ನು ಚೀಲದಲ್ಲಿಟ್ಟುಕೊಂಡು ಬಸ್ಸಿನಲ್ಲಿ ಕುಲುಕಿಸುತ್ತ ಒಯ್ದರೆ ಮೀಸೆಯೂ ಮುರಿಯುತ್ತದೆ. ಬಣ್ಣ ಹೋಗಿ ಮೀಸೆ ಮುರಿದ ಮೇಲೆ ಅದು ಭತ್ತದ ರಸ ಹೀರುವ ಜಿಗಿಹುಳುವಿನ ಮರಿಯಂತೆಯೇ ಕಾಣುತ್ತದೆ. ಆದರೆ ಅದು ಜಿಗಿಹುಳುವಲ್ಲ. ಜಿಗಿಹುಳುವಿನ ಮೊಟ್ಟೆಗಳನ್ನು ಹುಡುಕಿ ತಿನ್ನುವ ತಿಗಣೆ.

ಇದು ಪುಸ್ತಕದಲ್ಲಿತ್ತು, ನಾನು ಓದಿಯೂ ಇದ್ದೆ. ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆದಿದ್ದೆ.

ಕೀಟಶಾಸ್ತ್ರದ ಕೆಲಸದಿಂದ ನಿವೃತ್ತಳಾದ ಮೇಲೆ, ಈಗಷ್ಟೇ ಈ ವಿಷಯಕ್ಕೆ ಸೇರಿದ ಕೆಲವು ಹುಡುಗಿಯರು ಮನೆಗೆ ಬಂದು, ನಿಮ್ಮ ಕಾಲದ ಅನುಭವ ಬರೆದುಕೊಡಿ ಎಂದರು. ಎಲ್ಲಿಂದ ಎಲ್ಲಿಗೆ ವರ್ಗವಾಯಿತು, ಯಾವಾಗ ಯಾವ ಹುದ್ದೆ ಸಿಕ್ಕಿತು ಎಂಬುದರಿಂದ ಅವರಿಗೇನೂ ಉಪಯೋಗವಿಲ್ಲ. ತರಗತಿಯಲ್ಲಿ ಇಷ್ಟು ವರ್ಷ ನಾನು ಹೇಳದೆ ಬಿಟ್ಟ ಒಂದು ಸಂಗತಿ ಇದೆ. ಭತ್ತದ ಹುಳುವನ್ನು ಎಣಿಸಬೇಕಾದರೆ ಗದ್ದೆಗಿಳಿಯಿರಿ, ಪೈರಿನ ಬುಡ ತಟ್ಟಿ ನೋಡಿ, ಬಣ್ಣ ಹೋಗುವ ಮೊದಲು ಅಲ್ಲೇ ಬರೆದುಕೊಳ್ಳಿ ಎಂದು ಮಕ್ಕಳಿಗೆ ಪ್ರತಿ ವರ್ಷ ಹೇಳುತ್ತಿದ್ದೆ. ಅದನ್ನು ಎಲ್ಲಿ ಕಲಿತೆ ಎಂದು ಮಾತ್ರ ಹೇಳುತ್ತಿರಲಿಲ್ಲ.

ಎಪ್ಪತ್ತರ ದಶಕದ ಕೊನೆಯ ಮಾತು. ಕೃಷಿ ಕಾಲೇಜಿನಲ್ಲಿ ಎಂ.ಎಸ್ಸಿ. ಓದುತ್ತಿದ್ದೆ. ಕೀಟಶಾಸ್ತ್ರ ತೆಗೆದುಕೊಂಡ ಹುಡುಗಿ ನಾನೊಬ್ಬಳೇ. ಸಂಶೋಧನೆಯ ಊರುಗಳನ್ನು ನಮ್ಮ ಗೈಡ್ ಆರಿಸಿಕೊಟ್ಟಿದ್ದರು. ಹೊನ್ನಾಳಿ, ನ್ಯಾಮತಿ, ಚನ್ನಗಿರಿಗಳಲ್ಲಿ ಕಾಲುವೆ ನೀರಿನ ಭತ್ತ. ಜಗಳೂರಿನಲ್ಲಿ ಮಳೆ ನಂಬಿದ ಶೇಂಗಾ. ಹೊನ್ನಾಳಿಯಲ್ಲಿ ನನ್ನ ಸೋದರತ್ತೆಯ ಮನೆಯಿತ್ತು. ಅಲ್ಲಿ ಅಟ್ಟದ ಕೆಳಗಿನ ಸಣ್ಣ ಕೋಣೆ ನನಗೆ ಸಿಕ್ಕಿತು. ಅತ್ತೆ ಆ ಕೋಣೆಗೆ ಕಾಲಿಡುತ್ತಿರಲಿಲ್ಲ.

"ಮದ್ವೆ ಆಗೋ ಹುಡುಗಿ ಸೀಸೆಯಾಗೆ ಹುಳ ಇಟ್ಕೊಂಡು ಎಣಿಸ್ಕಂತ ಕುಂತಾಳೆ ಅಂದ್ರೆ ಯಾವನು ನೋಡಾಕೆ ಬರ್ತಾನೆ?" ಎಂದು ಬಾಗಿಲಲ್ಲೇ ನಿಂತು ಕೇಳುತ್ತಿದ್ದರು. ಮಾವ ಪತ್ರಿಕೆಯಿಂದ ತಲೆ ಎತ್ತದೆ, "ಬರೋನು ಎಣಿಸಾಕೆ ಬರೋನಾಗಿದ್ರೆ ಸಾಕು ಬಿಡೇ" ಎನ್ನುತ್ತಿದ್ದರು.

ಆ ವರ್ಷದ ಮೊದಲ ತಪ್ಪು ಜಗಳೂರಿನಲ್ಲಿ ಆಯಿತು. ಮೊದಲ ಮಳೆ ಬಿದ್ದ ಮೇಲೆ ಶೇಂಗಾ ಹೊಲಗಳಲ್ಲಿ ಕೆಂಪು ಕಂಬಳಿಹುಳು ಎದ್ದಿತ್ತು. ಸಾಕಿ ನೋಡಲೆಂದು ನಲವತ್ತು ಹುಳುಗಳನ್ನು ಸಿಹಿತಿಂಡಿಯ ರಟ್ಟಿನ ಡಬ್ಬಿಗೆ ತುಂಬಿ, ದಾರ ಕಟ್ಟಿ, ದಾವಣಗೆರೆ ಬಸ್ಸು ಹತ್ತಿದೆ. ರಟ್ಟಿನ ಮೂಲೆ ಒದ್ದೆಯಾಗಿ ಬಿರಿದಿದ್ದನ್ನು ನೋಡಿರಲಿಲ್ಲ. ಅರ್ಧ ದಾರಿಯಲ್ಲಿ ಮುಂದಿನ ಸೀಟಿನ ಯಜಮಾನರು ಕುತ್ತಿಗೆ ಕೆರೆದುಕೊಂಡು ಕೂಗಿದರು. ಬಸ್ಸು ನಿಂತಿತು.

ಕಂಡಕ್ಟರ್ ಬಂದು, "ಯಾರ್ರೀ ಅದು, ಹುಳ ಹತ್ತಿಸ್ಕಂಡು ಬಂದೋರು? ಇವಕ್ಕೂ ಟಿಕೆಟ್ ಹರೀಲಾ?" ಎಂದ. ಎಲ್ಲರೂ ನಕ್ಕರು. ಅವನ ಕಣ್ಣು ಬಾಗಿಲ ಬಳಿ ಸೊಪ್ಪಿನ ಬುಟ್ಟಿ ಇಟ್ಟುಕೊಂಡಿದ್ದ ಹೆಂಗಸಿನ ಮೇಲೆ ಬಿತ್ತು.

"ನಂದಲ್ಲಪ್ಪೋ! ತೊಳ್ದು ತಂದೀನಿ, ಒಂದು ಎಲೆ ತೂತು ತೋರ್ಸು ನೋಡಾನ!"

"ತೂತು ನೋಡಾಕೆ ನನಗೆ ಪುರುಸೊತ್ತಿಲ್ಲ. ಬುಟ್ಟಿ ಮ್ಯಾಲಕ್ಕೆ ಹಾಕು."

ಆಕೆ ಬೈಯುತ್ತ ಇಳಿದು ಬುಟ್ಟಿಯನ್ನು ಬಸ್ಸಿನ ಮೇಲಕ್ಕೆ ಕೊಟ್ಟಳು. ನಾನು ಡಬ್ಬಿಯ ಮೂಲೆಗೆ ಹೆಬ್ಬೆರಳು ಒತ್ತಿ ಹಿಡಿದು ಕಿಟಕಿಯ ಹೊರಗೆ ನೋಡುತ್ತಿದ್ದೆ. ಬಾಯಿ ಬಿಡಲಿಲ್ಲ. ಊರು ತಲುಪಿದ ಮೇಲೆ ಬಿಸಿಲಿಗೆ ಬಾಡಿದ ಆ ಸೊಪ್ಪನ್ನು ನೋಡಿದೆ. ಆಗಲೂ ಬಿಡಲಿಲ್ಲ. ಹಾಸ್ಟೆಲಿನಲ್ಲಿ ಗೆಳತಿಗೆ ಇದನ್ನು ಹೇಳಿ ನಗಿಸಿದೆ. ಸೊಪ್ಪಿನವಳ ಭಾಗವನ್ನು ಬಿಟ್ಟು.

ಇನ್ನು ಭತ್ತದ ವಿಷಯ.

ಹೊನ್ನಾಳಿಯಿಂದ ನ್ಯಾಮತಿಗೆ ಹೋಗುವ ದಾರಿಯಲ್ಲಿ, ಕಾಲುವೆಯ ತೂಬಿನ ಕೆಳಗೆ ಚನ್ನಬಸಪ್ಪನವರ ಗದ್ದೆ. ಅದೂ ಅಕ್ಕಪಕ್ಕದ ಮೂರು ಗದ್ದೆಗಳೂ ನನ್ನ ಸಂಶೋಧನೆಯ ಜಾಗ. ಬಟ್ಟೆಯ ಬಲೆಯನ್ನು ಪೈರಿನ ಮೇಲೆ ಬೀಸಿ ಸಿಕ್ಕ ಹುಳುಗಳನ್ನು ಸ್ಪಿರಿಟ್ಟಿಗೆ ಹಾಕಿ, ಆಮೇಲೆ ಎಣಿಸುವುದು ಆಗಿನ ಪದ್ಧತಿ. ಇದನ್ನು ವಾರಕ್ಕೊಮ್ಮೆ ಮಾಡಬೇಕು. ಬೀಸಬೇಕಾದವಳು ನಾನು.

ಬೀಸಲು ಗದ್ದೆಗಿಳಿಯಬೇಕು. ಇಳಿಯಲು ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಬೇಕು. ನಾನು ಹೋದ ಮೊದಲ ದಿನ, ಕಾಲೇಜಿನ ಹುಡುಗಿ ಹುಳ ಹಿಡಿಯುವುದನ್ನು ನೋಡಲು ಏಳೆಂಟು ಗಂಡಸರು ಬದುವಿನ ಮೇಲೆ ಕುಳಿತಿದ್ದರು. ನನ್ನಿಂದ ಆಗಲಿಲ್ಲ. ಕಳೆ ಕೀಳುತ್ತಿದ್ದ ಹೆಂಗಸರಲ್ಲಿ ಒಬ್ಬರನ್ನು ಕರೆದು ಬಲೆ ಕೊಟ್ಟೆ. ಅವರ ಹೆಸರು ಹನುಮಕ್ಕ. ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಈಗ ಬರೆಯುವಾಗ 'ಅವರು' ಎನ್ನುತ್ತಿದ್ದೇನೆ. ಆಗ ಎಂದೂ ಅಂದಿರಲಿಲ್ಲ. ವಾರಕ್ಕೊಂದು ದಿನ ತೂಬಿನ ಬಳಿ ಕಾಯುತ್ತಿದ್ದರು. ನಾನು ಬದುವಿನ ಮೇಲೆ ಛತ್ರಿ ಹಿಡಿದು ನಿಂತು ಬೀಸಿದ್ದನ್ನು ಎಣಿಸುತ್ತಿದ್ದೆ. ಅವರು ಬಲೆ ತಂದು ನನ್ನ ಸೀಸೆಗೆ ಕೊಡವುತ್ತಿದ್ದರು. ಗೈಡ್‌ಗೆ ಬರೆದ ವರದಿಗಳಲ್ಲಿ 'ಬಲೆ ಬೀಸಲಾಯಿತು' ಎಂದು ಬರೆಯುತ್ತಿದ್ದೆ.

ಐದನೆಯದೋ ಆರನೆಯದೋ ವಾರ ಹನುಮಕ್ಕ ಬಲೆಯನ್ನು ಕೊಡವದೆ, ಅದರ ಬಾಯಿ ಮುಚ್ಚಿ ಹಿಡಿದುಕೊಂಡು ನಿಂತರು.

"ಅಮ್ಮಾರೆ, ಇವು ಎರಡು ಜಾತಿ ಅದಾವೆ. ಕಂದು ಬಣ್ಣದವು ಬುಡದಾಗೆ ಕುಂತಿರ್ತಾವೆ, ಅವು ಸ್ವಲ್ಪೇ. ಈ ಹಸಿರವು ಅವುಗಳ ಹಿಂದೆ ಹಿಂದೆ ತಿರುಗ್ತಾವೆ. ಬೆಕ್ಕು ಅಡುಗೆಮನ್ಯಾಗೆ ತಿರುಗಲ್ವಾ, ಹಂಗೆ."

"ಎಲ್ಲಾ ಹಾಕು ಹನುಮಕ್ಕ. ಆಮೇಲೆ ನಾನು ನೋಡ್ಕೋತೀನಿ."

"ಸೀಸೆಯಾಗೆ ಏನು ಕಾಣ್ತೈತ್ರೀ? ಇಳಿದು ನೋಡ್ರಿ ಒಂದ್ಸಲ. ಬಗ್ಗಿ ನೋಡಿದ್ರೆ ಗೊತ್ತಾಗ್ತೈತೆ."

ಬದುವಿನ ಮೇಲಿದ್ದವರಲ್ಲಿ ಒಬ್ಬ, "ಏ ಹನುಮಿ, ಅಮ್ಮಾರ ಸೀರೆ ಕೆಸರಾದ್ರೆ ನೀನು ಇಸ್ತ್ರಿ ಮಾಡಿ ಕೊಡ್ತೀಯೇನೇ?" ಎಂದ. ಇನ್ನೊಬ್ಬ, "ಹನುಮಿ ಈಗ ಹುಳದ ಪಂಡಿತಳು ಕಣೋ. ಮುಂದಿನ ವರ್ಷ ಕಾಲೇಜಿಗೆ ಹೊಂಟಾಳೆ" ಎಂದ. ನಾನು ಸೀಸೆಯ ಬಾಯಿ ತೆರೆದು ಹಿಡಿದೆ. ಹನುಮಕ್ಕ ಕೊಡವಿದರು.

ಸೀಸೆಗಳು ಕಾಲೇಜು ತಲುಪಲು ಎರಡು ಬಸ್ಸು, ಎಣಿಕೆಗೆ ಕೂರುವಷ್ಟರಲ್ಲಿ ಮೂರು ನಾಲ್ಕು ದಿನ. ಬಿಳಿ ತಟ್ಟೆಗೆ ಸುರಿದಾಗ ಎಲ್ಲವೂ ಒಂದೇ ಬಣ್ಣದ್ದಾಗಿದ್ದವು. ಒಂದೊಂದನ್ನೂ ಸೂಕ್ಷ್ಮದರ್ಶಕದಡಿ ತಿರುಗಿಸಿ ನೋಡಬೇಕಿತ್ತು. ನೂರಾರು ಇದ್ದವು, ನಾನು ನೋಡಲಿಲ್ಲ. ಎಲ್ಲವನ್ನೂ ಜಿಗಿಹುಳುವಿನ ಮರಿಗಳೆಂದು ಬರೆದೆ. ಎಣಿಕೆ ಔಷಧಿ ಹೊಡೆಯಬೇಕಾದ ಮಿತಿಯನ್ನು ದಾಟಿತ್ತು. ನಿಜ ಹೇಳಬೇಕೆಂದರೆ ನನಗೆ ಖುಷಿಯಾಯಿತು. ಹುಳುವೇ ಸಿಗದ ಗದ್ದೆಯಿಂದ ಥೀಸಿಸ್ ಆಗುವುದಿಲ್ಲ. ಗೈಡ್ ಎಣಿಕೆಯ ಹಾಳೆ ನೋಡಿ, "ಭೇಷ್. ಸರಿಯಾದ ಹೊತ್ತಿಗೆ ಹಿಡಿದಿದ್ದೀಯ. ರೈತರಿಗೆ ಹೇಳು" ಎಂದರು.

ಮುಂದಿನ ವಾರ ಚನ್ನಬಸಪ್ಪನವರು ಬದುವಿಗೆ ಬಂದರು. "ಏನು ಮಾಡಾನಮ್ಮಾ, ಎಣ್ಣೆ ಹೊಡೆಯೋದೋ ಬ್ಯಾಡೋ? ಪೈರು ನೋಡಿದ್ರೆ ನನಗೇನೂ ಆದಂಗೆ ಕಾಣಲ್ಲ." ಔಷಧಿಗೆ ಅಲ್ಲಿ ಎಣ್ಣೆ ಎಂದೇ ಹೇಳುತ್ತಾರೆ.

"ಕಾಣೋ ಹೊತ್ತಿಗೆ ತಡವಾಗಿರುತ್ತೆ. ಎಣಿಕೆ ಜಾಸ್ತಿ ಬಂದಿದೆ, ಹೊಡೀರಿ" ಎಂದೆ.

ಹನುಮಕ್ಕ ಕಾಲುವೆಯಲ್ಲಿ ಬಲೆ ಜಾಲಿಸುತ್ತಿದ್ದರು. ಒಮ್ಮೆ ತಲೆ ಎತ್ತಿ ನನ್ನನ್ನು ನೋಡಿ ಮತ್ತೆ ಜಾಲಿಸತೊಡಗಿದರು.

ನಾಲ್ಕು ಗದ್ದೆಗಳಿಗೂ ಎರಡು ಸಲ ಹೊಡೆದರು. ಮರುವಾರ ಬಲೆ ಬರಿದಾಗಿತ್ತು. ಚನ್ನಬಸಪ್ಪನವರು ಮನೆಯಿಂದ ಮಜ್ಜಿಗೆ ತರಿಸಿ ಕೊಟ್ಟರು. ಎಣ್ಣೆ ಹೊಡೆದ ನಾಲ್ಕನೆಯ ವಾರ ಗದ್ದೆಯ ನಡುವೆ, ಎಮ್ಮೆ ಮಲಗಿ ಎದ್ದಷ್ಟು ಜಾಗದಲ್ಲಿ ಪೈರು ಕಂದಿತ್ತು. ಹತ್ತು ದಿನದಲ್ಲಿ ಅಂಥ ಮಚ್ಚೆಗಳು ಒಂದಕ್ಕೊಂದು ಸೇರಿದವು. ಬೆಂಕಿ ತಾಗಿದಂತೆ ಗದ್ದೆ ಸುಟ್ಟುಹೋಯಿತು. ಬುಡದಲ್ಲಿ ಕಂದು ಜಿಗಿಹುಳು ಮೆತ್ತಿಕೊಂಡಿತ್ತು. ಎಣ್ಣೆ ತಿಗಣೆಗಳನ್ನೆಲ್ಲ ಕೊಂದಿತ್ತು. ಪೈರಿನ ಒಳಗೆ ಇಟ್ಟಿದ್ದ ಜಿಗಿಹುಳುವಿನ ಮೊಟ್ಟೆಗಳಿಗೆ ತಾಗಿರಲಿಲ್ಲ. ಆ ಮೊಟ್ಟೆಗಳನ್ನು ತಿನ್ನುವವರು ಗದ್ದೆಯಲ್ಲಿ ಯಾರೂ ಇರಲಿಲ್ಲ, ಎಲ್ಲವೂ ಮರಿಯಾದವು. ಇದು ಈಗಿನ ವಿವರಣೆ. ಆ ದಿನ ನಾನು ಬದುವಿನ ಮೇಲೆ ನಿಂತು, ಹೀಗೇಕಾಯಿತು ಎಂದಷ್ಟೇ ಯೋಚಿಸುತ್ತಿದ್ದೆ.

ಊರಿನವರಿಗೆ ಕಾರಣ ಸಿಕ್ಕಿತ್ತು. ಕಾಲುಬಾಯಿ ಬೇನೆ ಬಂದ ದನದ ಹಗ್ಗವನ್ನು ಇನ್ನೊಂದು ಕೊಟ್ಟಿಗೆಗೆ ಒಯ್ಯಬಾರದೆಂಬುದು ಅಲ್ಲಿ ಎಲ್ಲರಿಗೂ ಗೊತ್ತು. ಹನುಮಕ್ಕ ಒಂದೇ ಬಲೆಯನ್ನು ನಾಲ್ಕು ಗದ್ದೆಗಳಲ್ಲಿ ಬೀಸಿದ್ದರು. ಸುಟ್ಟದ್ದೂ ಅದೇ ನಾಲ್ಕು. "ಹನುಮಿ ಬಲೆಯಾಗೆ ಹುಳ ಹೊತ್ಕೊಂಡು ಹಂಚಿದ್ಲು" ಎಂದು ಮಾತು ಹುಟ್ಟಿತು. ಬಲೆ ನನ್ನದು, ಬೀಸು ಎಂದವಳು ನಾನು. ನನ್ನನ್ನು ಯಾರೂ ಏನೂ ಅನ್ನಲಿಲ್ಲ.

ಅದೇ ವಾರ ಚನ್ನಗಿರಿ ಕಡೆಗೆ ಹೋಗಬೇಕಿತ್ತು. ಸೂಳೆಕೆರೆಯ ನೀರು ಹರಿಯುವ ಒಂದು ಗದ್ದೆಯಲ್ಲೂ ಅಷ್ಟೇ ಎಣಿಕೆ ಬಂದಿತ್ತು. ಅಲ್ಲೂ ಹೊಡೆಯಲು ಹೇಳಿದ್ದೆ. ಅದೂ ಸುಟ್ಟಿರುತ್ತದೆ ಎಂದುಕೊಂಡೇ ಹೋದೆ. ಗದ್ದೆ ಹಸಿರಾಗಿ, ತೆನೆ ಬಾಗಿ ನಿಂತಿತ್ತು.

ಅದರ ಒಡೆಯ ಎಪ್ಪತ್ತು ದಾಟಿದ ಅಜ್ಜ. "ಹೊಡೆಯಲಿಲ್ಲ ತಾಯಿ. ಪಂಪು ಕೆಟ್ಟಿತ್ತು. ರಿಪೇರಿ ಮಾಡಿಸೋ ಹೊತ್ತಿಗೆ ಮರ್ತುಹೋತು. ಬೈಬ್ಯಾಡ" ಎಂದರು.

ಅವತ್ತು ಸ್ಪಿರಿಟ್ಟಿನ ಬಾಟಲಿ ಚೀಲದಲ್ಲೇ ಸೋರಿಹೋಗಿತ್ತು. ಹುಳುಗಳನ್ನು ಜೀವಂತ ನೋಡದೆ ಬೇರೆ ದಾರಿಯಿರಲಿಲ್ಲ. ಅಜ್ಜನನ್ನು ಬಿಟ್ಟರೆ ಸುತ್ತ ಯಾರೂ ಇಲ್ಲ. ಸೀರೆ ಎತ್ತಿ ಕಟ್ಟಿ ಗದ್ದೆಗಿಳಿದೆ. ಬಗ್ಗಿದೆ. ಬುಡದಲ್ಲಿ ಕಂದು ಹುಳುಗಳು, ಸ್ವಲ್ಪವೇ. ಅವುಗಳ ಸುತ್ತ ತೆಳು ಹಸಿರಿನ, ಉದ್ದ ಮೀಸೆಯ ತಿಗಣೆಗಳು ಎಲೆಯ ಬುಡವನ್ನು ಮೂಸುತ್ತ, ನಿಲ್ಲುತ್ತ, ಕೊಕ್ಕು ಚುಚ್ಚುತ್ತ ತಿರುಗುತ್ತಿದ್ದವು. ಹನುಮಕ್ಕ ಹೇಳಿದಂತೆ, ಅಡುಗೆಮನೆಯ ಬೆಕ್ಕಿನ ಹಾಗೆ. ಎಷ್ಟು ಹೊತ್ತು ಬಗ್ಗಿದ್ದೆನೋ, ಅಜ್ಜ "ಏನು ಕಳಕಂಡೆ ತಾಯಿ?" ಎಂದು ಕೇಳಿದರು.

ಕಾಲೇಜಿಗೆ ಹೋಗಿ ಹಳೆಯ ಸೀಸೆಗಳನ್ನೆಲ್ಲ ತೆರೆದೆ. ಎರಡು ದಿನ ಒಂದೊಂದನ್ನೇ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಮೀಸೆ ಮುರಿದಿದ್ದರೂ ಮೀಸೆಯ ಬುಡ ಇತ್ತು, ರೆಕ್ಕೆಯ ಅಂಚು ಇತ್ತು. ಹತ್ತರಲ್ಲಿ ಏಳು ತಿಗಣೆ.

ಗೈಡ್ ಮುಂದೆ ಹಾಳೆ ಇಟ್ಟು ಹೇಳಿದೆ. ಅವರು ಕೋಪಿಸಿಕೊಳ್ಳಲಿಲ್ಲ. ಕನ್ನಡಕ ತೆಗೆದು ಒರೆಸುತ್ತ ಕೂತರು. ಒಳ್ಳೆಯ ಮನುಷ್ಯ, ಈ ಕೆಲಸದಲ್ಲಿ ನನಗೆ ತಿಳಿದಿರುವ ಅರ್ಧವನ್ನು ಕಲಿಸಿದವರು.

"ಥೀಸಿಸ್‌ನಲ್ಲಿ ತಿದ್ದು. ಅಷ್ಟು ಸಾಕು" ಎಂದರು.

"ಊರಲ್ಲಿ ಬಲೆ ಬೀಸಿದವಳ ಮೇಲೆ ತಪ್ಪು ಹೊರಿಸಿದ್ದಾರೆ ಸರ್."

"ಊರಿಗೆ ಹೋಗಿ ನಮ್ಮದೇ ತಪ್ಪು ಅಂದರೆ ನಾಳೆ ನಾವು ಸರಿಯಾದದ್ದು ಹೇಳಿದಾಗ ಯಾರು ಕೇಳ್ತಾರೆ? ಎರಡು ಬೆಳೆ ಕಳೆದರೆ ಆ ಮಾತು ತಾನೇ ಹೋಗುತ್ತೆ."

ನಾನು ವಾದ ಮಾಡಲಿಲ್ಲ. ನನಗೆ ಬೇಕಾಗಿದ್ದ ಮಾತನ್ನು ನನಗಿಂತ ದೊಡ್ಡವರು ಹೇಳಿದ್ದರು. ಕೋಣೆಯಿಂದ ಹೊರಗೆ ಬಂದಾಗ ಮನಸ್ಸು ಹಗುರವಾಗಿತ್ತು ಎಂಬುದನ್ನು ಇಲ್ಲಿ ಬರೆದೇ ತೀರಬೇಕು. ಥೀಸಿಸ್‌ಗೆ ಒಂದು ಹೊಸ ಅಧ್ಯಾಯ ಸಿಕ್ಕಿತು: ಸಿಂಪಡಣೆಯ ನಂತರ ತಿಗಣೆಗಳ ನಾಶ, ಜಿಗಿಹುಳುವಿನ ಹೆಚ್ಚಳ. ಸುಟ್ಟ ನಾಲ್ಕು ಗದ್ದೆ, ಸುಡದ ಒಂದು ಗದ್ದೆ. ಮುಂದೆ ಅದನ್ನೇ ಎಲ್ಲರೂ ಮೆಚ್ಚಿದರು.

ಸುಗ್ಗಿ ಬಂತು. ಹನುಮಕ್ಕನನ್ನು ಕೊಯ್ಲಿಗೆ ಯಾರೂ ಕರೆಯಲಿಲ್ಲವಂತೆ; ಜಗಳೂರಿನ ತಂಗಿಯ ಮನೆಗೆ ಹೋಗಿ ಶೇಂಗಾ ಕೀಳುವ ಕೆಲಸ ಹಿಡಿದರಂತೆ. ಅತ್ತೆ ಯಾವುದೋ ಮಾತಿನ ನಡುವೆ ಇದನ್ನು ಹೇಳಿದರು. ಸದ್ಯ, ಎಲ್ಲೋ ಕೆಲಸ ಸಿಕ್ಕಿತಲ್ಲ ಎಂದುಕೊಂಡು ಅನ್ನಕ್ಕೆ ಸಾರು ಹಾಕಿಕೊಂಡೆ.

ಸಂಕ್ರಾಂತಿ ಕಳೆದು, ಬೇಸಿಗೆ ಬೆಳೆಗೆ ಕಾಲುವೆಯಲ್ಲಿ ನೀರು ಬಿಟ್ಟಿದ್ದರು. ಒಂದು ದಿನ ಮಧ್ಯಾಹ್ನ ನಾಲ್ಕರ ಹೊತ್ತಿಗೆ ಅತ್ತೆ, "ನಿನ್ನ ಕೇಳ್ಕೊಂಡು ಯಾರೋ ಬಂದಾರೆ, ಹಿತ್ತಲಾಗೆ ಕುಂತಾರೆ ನೋಡು" ಎಂದರು. ಜಗಳೂರಿನಿಂದ ಮರಳಿದ್ದ ಹನುಮಕ್ಕ ಬಾವಿಕಟ್ಟೆಯ ಪಕ್ಕ ನೆಲದ ಮೇಲೆ ಕೂತಿದ್ದರು. ಮಡಿಲಲ್ಲಿ ಬಲೆ. ಒಗೆದು ಮಡಿಸಿ, ಹರಿದಿದ್ದ ಕಡೆ ಹೊಲಿಗೆ ಹಾಕಿದ್ದರು.

"ತಗಳ್ರಿ ಅಮ್ಮಾರೆ. ಇದು ನನ್ನ ಮನ್ಯಾಗೆ ಇರೋತಂಕ ಯಾರೂ ನನ್ನ ಗದ್ದೆಗೆ ಸೇರ್ಸಂಗಿಲ್ಲ."

ತೆಗೆದುಕೊಂಡೆ. ಕಾಫಿ ತರಲೇ ಎಂದೆ. ಬೇಡ ಎಂದರು.

"ಒಂದು ಮಾತು ಕೇಳಾಕೆ ಬಂದೀನಿ. ಊರಾಗಿನೋರು ಹೇಳಿದ್ದು ಬಿಡ್ರಿ, ಅವರು ಓದಿಲ್ಲ, ನಾನೂ ಓದಿಲ್ಲ. ನೀವು ಓದಿದೋರು. ಖರೇ ಹೇಳ್ರಿ. ನನ್ನ ಬಲೆಯಿಂದ ಹುಳ ಹರಡ್ತಾ?"

ಉತ್ತರ ಒಂದೇ ಪದ. ನನಗೆ ಮೂರು ತಿಂಗಳಿಂದ ಗೊತ್ತಿದ್ದ ಪದ. ಅಡುಗೆಮನೆಯ ಕಿಟಕಿಯಲ್ಲಿ ಅತ್ತೆ ನಿಂತಿದ್ದರು.

"ಅದನ್ನ ಇನ್ನೂ ನೋಡಬೇಕು ಹನುಮಕ್ಕ. ನೋಡಿ ಹೇಳ್ತೀನಿ" ಎಂದೆ.

"ಇನ್ನೂ ನೋಡ್ತೀರಾ?" ಎಂದರು. ಕೊಂಕಿರಲಿಲ್ಲ. ಸೆರಗು ಕೊಡವಿಕೊಂಡು ಎದ್ದರು. "ನಾಳೆ ಚನ್ನಬಸಪ್ಪನೋರ ಗದ್ದೆಯಾಗೆ ನಾಟಿ. ನಮ್ಮ ಓಣಿ ಹೆಣ್ಮಕ್ಕಳೆಲ್ಲಾ ಹೊಂಟಾರೆ." ಅಷ್ಟು ಹೇಳಿ ಹಿತ್ತಲ ಬಾಗಿಲು ಎಳೆದುಕೊಂಡು ಹೋದರು.

ಮರುದಿನ ಬೆಳಿಗ್ಗೆ ನ್ಯಾಮತಿಯ ಮೊದಲ ಬಸ್ಸು ಹತ್ತಿ ತೂಬಿನ ಬಳಿ ಇಳಿದೆ. ಹದಿನೈದು ಹೆಂಗಸರು ಸಾಲಾಗಿ ಬಗ್ಗಿ ಸಸಿ ನೆಡುತ್ತಿದ್ದರು, ಹನುಮಕ್ಕ ಇರಲಿಲ್ಲ. ಚನ್ನಬಸಪ್ಪನವರೂ ಮತ್ತೆ ಮೂವರು ಗಂಡಸರೂ ಬದುವಿನ ಮೇಲಿದ್ದರು. ಅಲ್ಲಿಂದ ಹೇಳಿದರೆ ಗಂಡಸರಿಗಷ್ಟೇ ಕೇಳುತ್ತಿತ್ತು. ಚಪ್ಪಲಿ ಬಿಟ್ಟು, ಸೀರೆ ಎತ್ತಿ ಕಟ್ಟಿ, ಗದ್ದೆಯ ನಡುವಿನವರೆಗೆ ನಡೆದೆ. ಯಾರೋ ನಕ್ಕರು.

"ಹುಳ ಬಲೆಯಿಂದ ಹರಡಲಿಲ್ಲ" ಎಂದೆ. "ನಾನು ತಪ್ಪು ಎಣಿಸಿದ್ದೆ. ಹುಳ ತಿನ್ನೋ ತಿಗಣೇನ ಹುಳ ಅಂತ ಬರೆದೆ. ನಾನು ಹೊಡೀರಿ ಅಂದಿದ್ದಕ್ಕೇ ಗದ್ದೆ ಸುಟ್ಟಿದ್ದು."

ಚನ್ನಬಸಪ್ಪನವರು ಕಿವಿಗೆ ಸಿಕ್ಕಿಸಿದ್ದ ಬೀಡಿ ತೆಗೆದರು, ಹಚ್ಚಲಿಲ್ಲ. "ಹಂಗಾದ್ರೆ ಎಣ್ಣೆ ಹೊಡೆದು ನಾವೇ ಹುಳಾನ ಸಾಕಿದಂಗಾತು."

"ಹೌದು."

"ಹನುಮಿಗೆ ಗೊತ್ತಿತ್ತಾ ಇದು?"

"ಗೊತ್ತಿತ್ತು. ನನಗೆ ಹೇಳಿದ್ದರು. ಹೊಡೆಯೋಕೆ ಮುಂಚೇನೇ."

"ಓದಿದೋರ ಮಾತು ಕೇಳಿದ್ರೆ ಹಿಂಗೇ ನೋಡು" ಎಂದು ಬದುವಿನ ಮೇಲಿಂದ ಒಬ್ಬ ಶುರುಮಾಡಿದ. ಚನ್ನಬಸಪ್ಪನವರು ಕೈ ಎತ್ತಿದರು, ಅವನು ಸುಮ್ಮನಾದ. ಸಾಲಿನ ಕೊನೆಯಲ್ಲಿದ್ದ ಹೆಂಗಸು ಸೊಂಟ ನೆಟ್ಟಗೆ ಮಾಡಿ, ಕೈಯಲ್ಲಿ ಸಸಿ ಹಿಡಿದುಕೊಂಡೇ ಕೇಳಿದಳು.

"ನಿಮಗೆ ಯಾವಾಗ ಗೊತ್ತಾತು ಅಮ್ಮಾರೆ?"

ನಿನ್ನೆ ಎನ್ನಬಹುದಿತ್ತು. ಆ ಮಾತು ನಾಲಿಗೆಯ ತುದಿಗೆ ಬಂದಿತ್ತು.

"ಸುಗ್ಗಿಗೆ ಮುಂಚೆ" ಎಂದೆ.

ಅವಳು ಮತ್ತೆ ಬಗ್ಗಿದಳು. ಉಳಿದವರೂ ಒಬ್ಬೊಬ್ಬರಾಗಿ ಬಗ್ಗಿದರು.

"ನಿಂತೇನು ಮಾಡ್ತೀಯಮ್ಮಾ?" ಎಂದರು ಚನ್ನಬಸಪ್ಪನವರು. "ಹೋಗು. ನೀನೇ ಹೋಗಿ ಕರ್ಕಂಡು ಬಾ. ಸಾಲಿನಾಗೆ ಜಾಗ ಐತೆ ಅಂತ ಹೇಳು."

ನಾಲ್ಕು ತಿಂಗಳು ನನಗಾಗಿ ಬಲೆ ಬೀಸಿದವರ ಮನೆ ಎಲ್ಲಿದೆಯೆಂದು ನನಗೆ ಗೊತ್ತಿರಲಿಲ್ಲ. ಕೆಸರುಗಾಲಿನಲ್ಲೇ ಓಣಿಯ ತನಕ ನಡೆದು, ಮೊದಲ ಮನೆಯ ಮುಂದೆ ನಿಂತು, ಹನುಮಕ್ಕನ ಮನೆ ಯಾವುದು ಎಂದು ಕೇಳಿದೆ.